ಮೂಲದಲ್ಲಿ ಹಾಗಿಲ್ಲ

“ಮೂಲದಲ್ಲಿ ಹಾಗಿಲ್ಲ” ಎಂಬ ಮಾತು ಕೇಳಿಬರದ ಸಭೆಯಿಲ್ಲ, ನಾಟಕಶಾಲೆಯಿಲ್ಲ, ಮನೆಯ ಹಜಾರವಿಲ್ಲ. ಗಮಕಿಗಳು ಕುಮಾರವ್ಯಾಸನನ್ನು ಓದುತ್ತಿರುವಾಗ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಇದನ್ನು ಹೇಳುತ್ತಾರೆ. ಕಾದಂಬರಿಯೊಂದು ಚಲನಚಿತ್ರವಾದಾಗ ಅದನ್ನು ಓದಿದವರು ಓದದವರಿಗೆ ವಿರಾಮದ ಹೊತ್ತಿನಲ್ಲಿ ಹೇಳುತ್ತಾರೆ. ಹೇಳುವವರ ಮುಖದಲ್ಲಿ ಆಗ ಒಂದು ಬಗೆಯ ದುಃಖವೂ ಅದರ ಬೆನ್ನಿಗೇ ಒಂದು ಬಗೆಯ ಸಂತೋಷವೂ ಕಾಣುವುದುಂಟು. ದುಃಖ, ಮೂಲ ಕೆಟ್ಟಿತಲ್ಲ ಎಂದು. ಸಂತೋಷ, ಮೂಲ ನನಗೆ ಗೊತ್ತಿದೆಯಲ್ಲ ಎಂದು.

ಈ ಮಾತಿನಲ್ಲಿ ನನಗೆ ವಿಶೇಷವಾದ ಆಸಕ್ತಿ ಇರುವುದಕ್ಕೆ ಕಾರಣವಿದೆ. ಮೂವತ್ತೊಂದು ವರ್ಷ ಕಾಲ ನಾನು ಇದನ್ನೇ ಹೇಳಿ ಸಂಬಳ ತೆಗೆದುಕೊಂಡವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರನಾಗಿದ್ದೆ. ಪೊಲೀಸ್ ಇನ್‌ಸ್ಪೆಕ್ಟರನಲ್ಲ, ಯಂತ್ರದ ಬಿಡಿಭಾಗಗಳ ಇನ್‌ಸ್ಪೆಕ್ಟರ್. ಒಂದು ಕೈಯಲ್ಲಿ ಡ್ರಾಯಿಂಗು, ಇನ್ನೊಂದು ಕೈಯಲ್ಲಿ ಮೈಕ್ರೋಮೀಟರು. ಲೇತಿನಿಂದ ಇಳಿದು ಬಂದ ಮಾಲನ್ನು ಅಳೆದು, ಡ್ರಾಯಿಂಗಿನಲ್ಲಿ ಹಾಗಿಲ್ಲ ಎಂದರೆ ಅದು ಕೆಂಪು ಡಬ್ಬಕ್ಕೆ ಬೀಳುತ್ತಿತ್ತು. ಟರ್ನರುಗಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಬೆಳಗಿನಿಂದ ಬೆವರು ಸುರಿಸಿ ಮಾಡಿದ್ದನ್ನು ಒಬ್ಬನು ಬಂದು ಕೂದಲೆಳೆಯಷ್ಟು ಹೆಚ್ಚು ಎಂದು ಎತ್ತಿಟ್ಟರೆ ಯಾರಿಗೆ ತಾನೆ ಸಹಿಸೀತು?

ನನ್ನ ಸೋದರಳಿಯನೂ ಈಗ ಇದೇ ಕಸುಬಿನವನು. ಅವನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರು ಪರೀಕ್ಷಿಸುತ್ತಾನೆ. ನಾನು ಕಬ್ಬಿಣದಲ್ಲಿ ಹುಡುಕುತ್ತಿದ್ದುದನ್ನು ಅವನು ಗಾಳಿಯಲ್ಲಿ ಹುಡುಕುತ್ತಾನೆ ಎಂದು ನಾನು ತಮಾಷೆ ಮಾಡುವುದುಂಟು. ಕಚೇರಿಯಲ್ಲಿ ದಿನವೆಲ್ಲ ತಪ್ಪು ಹುಡುಕಿ ಸಾಲದೆ ಮನೆಗೆ ಬಂದಮೇಲೆ ಟೀವಿಯ ಮುಂದೆ ಕುಳಿತು ಅಲ್ಲಿಯೂ ಹುಡುಕುತ್ತಾನೆ. 2019ರ ಡಿಸೆಂಬರ್ 20ರಂದು ನೆಟ್‌ಫ್ಲಿಕ್ಸಿನಲ್ಲಿ ‘ದಿ ವಿಚರ್’ ಎಂಬ ಧಾರಾವಾಹಿ ಆರಂಭವಾಯಿತು. ಅಂದಿನಿಂದ ಅವನ ಬಾಯಲ್ಲಿ “ಮಾವ, ಮೂಲದಲ್ಲಿ ಹಾಗಿಲ್ಲ” ಎಂಬುದು ಒಂದು ಮಂತ್ರವೇ ಆಗಿಹೋಗಿದೆ. ಅದರ ನಾಲ್ಕನೆಯ ಭಾಗ 2025ರ ಅಕ್ಟೋಬರ್ 30ಕ್ಕೆ ಬಂದಿತು. ಐದನೆಯದಕ್ಕೆ ಕಥೆಯನ್ನು ಮುಗಿಸುವುದಾಗಿ ಹೇಳಿದ್ದಾರೆ. ಮಂತ್ರವೂ ಅಲ್ಲಿಗೆ ಮುಗಿಯುವುದೋ ಇಲ್ಲವೋ ಹೇಳಲಾರೆ.

ಓದುಗರಲ್ಲಿ ಈ ಕಥೆಯನ್ನು ಅರಿಯದವರಿಗೆ ಎರಡು ಮಾತು ಹೇಳಬೇಕು. ಆಂಜೇಯ್ ಸಪ್ಕೋವ್‌ಸ್ಕಿ ಎಂಬುವರು ಪೋಲೆಂಡ್ ದೇಶದವರು; 1948ರಲ್ಲಿ ಹುಟ್ಟಿದವರು; ವಿದೇಶವ್ಯಾಪಾರದ ಕೆಲಸದಲ್ಲಿದ್ದವರು. 1986ರಲ್ಲಿ ‘ಫಾಂತಾಸ್ತಿಕಾ’ ಎಂಬ ಪತ್ರಿಕೆ ಏರ್ಪಡಿಸಿದ್ದ ಕಥಾಸ್ಪರ್ಧೆಗೆ ಒಂದು ಸಣ್ಣ ಕಥೆ ಕಳುಹಿಸಿದರು. ಅದಕ್ಕೆ ಮೂರನೆಯ ಬಹುಮಾನ ಬಂದಿತು. ಮೊದಲನೆಯ ಬಹುಮಾನ ಪಡೆದ ಕಥೆ ಇಂದು ಎಷ್ಟು ಜನರಿಗೆ ನೆನಪಿದೆಯೋ! ಮೂರನೆಯದರ ನಾಯಕ ಗೆರಾಲ್ಟ್ ಎಂಬಾತ ಮಾತ್ರ ಲೋಕವನ್ನೆಲ್ಲ ಸುತ್ತಿಬಂದ. ಇವನು ಕೂಲಿಗಾಗಿ ಪಿಶಾಚಿ, ಬೇತಾಳ, ರಾಕ್ಷಸಜಂತುಗಳನ್ನು ಕೊಲ್ಲುವ ಕಸುಬಿನವನು, ಬಿಳಿಗೂದಲವನು, ಬೆನ್ನಿಗೆ ಕತ್ತಿ ಕಟ್ಟಿಕೊಂಡು ಊರಿಂದ ಊರಿಗೆ ಅಲೆಯುವವನು. ಎರಡು ಕಥಾಸಂಗ್ರಹಗಳು, ಆಮೇಲೆ 1994ರಿಂದ 1999ರವರೆಗೆ ಐದು ಕಾದಂಬರಿಗಳು ಇವನ ಮೇಲೆ ಬಂದವು. ಅವುಗಳಲ್ಲಿ ಗೆರಾಲ್ಟನ ಜೊತೆಗೆ ಯೆನಿಫರ್ ಎಂಬ ಮಾಂತ್ರಿಕ ಹೆಂಗಸೂ, ಸಿರಿ ಎಂಬ ರಾಜಕುಮಾರಿಯೂ ಇದ್ದಾರೆ. ಸಿರಿ ಎಂದರೆ ನಮ್ಮ ಭಾಷೆಯಲ್ಲಿ ಏನೆಂದು ಸಪ್ಕೋವ್‌ಸ್ಕಿಯವರಿಗೆ ತಿಳಿದಿರಲಾರದು. ಆದರೂ ಆ ಹುಡುಗಿಯೇ ಕಥೆಯ ನಿಜವಾದ ಸಿರಿ.

ನಾನು ಇವನ್ನು ಓದಿದ್ದು ಮೆಟ್ರೋ ರೈಲಿನಲ್ಲಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಕಾಡುಗೋಡಿಯವರೆಗೆ ಕಡಿವಿಲ್ಲದೆ ಓಡತೊಡಗಿದ ಮೇಲೆ ಅಕ್ಕನ ಮನೆಗೆ, ಎಂದರೆ ಸೋದರಳಿಯನ ಮನೆಗೆ, ಹೋಗಿಬರುವುದು ಸುಲಭವಾಯಿತು. ಪೀಣ್ಯದಲ್ಲಿ ಹಸಿರು ಮಾರ್ಗದ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಪಡುವಣ ತುದಿಯಿಂದ ಮೂಡಣ ತುದಿಗೆ ತಲಪುವ ಹೊತ್ತಿಗೆ ಒಂದು ಕಥೆಯಾದರೂ ಮುಗಿಯುತ್ತದೆ. “ಮಾವ, ನೀವು ಮೊದಲು ಪುಸ್ತಕ ಓದಿ, ಆಮೇಲೆ ನಮ್ಮ ಜಗಳಕ್ಕೆ ಬನ್ನಿ” ಎಂದು ಅವನೇ ಇಂಗ್ಲಿಷ್ ಅನುವಾದಗಳನ್ನು ಕೈಗಿತ್ತಿದ್ದ.

ಓದುವಾಗ ನನಗೆ ಪರಸ್ಥಳವೆನಿಸಲಿಲ್ಲ. ಅಜ್ಜಿಯ ಕಥೆಗಳ ಹೂರಣವೇ ಅಲ್ಲಿಯೂ ಇದೆ. ಸ್ನೋ ವೈಟಳ ಕಥೆ, ಸುಂದರಿ ಮತ್ತು ಮೃಗದ ಕಥೆ, ಇವನ್ನೆಲ್ಲ ಗ್ರಂಥಕರ್ತರು ಹಳೆಯ ಸೀರೆಯನ್ನು ತಿರುಗಿಸಿ ಹೊಲಿದಂತೆ ಒಳಮೈ ಹೊರಗೆ ಮಾಡಿ ಹೊಲಿದಿದ್ದಾರೆ. ಎಂದರೆ, ಮೂಲಕಾರರೇ ಬೇರೊಂದು ಮೂಲವನ್ನು ಕೆಡಿಸಿಯೇ ತಮ್ಮ ಕೆಲಸಕ್ಕೆ ಕೈಹಾಕಿದವರು! ಇನ್ನು ಅವರ ಗೆರಾಲ್ಟನೋ, ಕೊಲ್ಲುವುದಕ್ಕಿಂತ ಹೆಚ್ಚಾಗಿ ಮಾತಾಡುತ್ತಾನೆ. ಯಾವುದು ಹೆಚ್ಚಿನ ಪಾಪ, ಯಾವುದು ಕಡಿಮೆಯ ಪಾಪ ಎಂದು ಎದುರಾಳಿಯೊಡನೆ ತರ್ಕ ಮಾಡುತ್ತಾನೆ. ಧಾರಾವಾಹಿಯ ಮೊದಲ ಭಾಗದಲ್ಲಿ ಇದೇ ಗೆರಾಲ್ಟ್ ಹೆಚ್ಚಿನ ಪ್ರಶ್ನೆಗಳಿಗೆ “ಹೂಂ” ಎನ್ನುವುದನ್ನು ಕಂಡು, ಇವನಿಗೆ ಮದುವೆಯಾಗಿ ಇಪ್ಪತ್ತೈದು ವರ್ಷವಾಗಿರಬೇಕು ಎಂದುಕೊಂಡೆ.

ಪುಸ್ತಕವೂ ಧಾರಾವಾಹಿಯೂ ಎರಡೇ ಆಗಿದ್ದರೆ ಜಗಳ ಹಳೆಯ ಬಗೆಯದೇ ಆಗುತ್ತಿತ್ತು. ಆದರೆ ನಡುವೆ ಮೂರನೆಯದೊಂದು ಇದೆ, ಅದು ಆಟ. ವಾರ್ಸಾ ನಗರದ ಸಿಡಿ ಪ್ರೊಜೆಕ್ಟ್ ಎಂಬ ಸಂಸ್ಥೆ 2007, 2011, 2015ರಲ್ಲಿ ಗೆರಾಲ್ಟನ ಮೇಲೆ ಮೂರು ಕಂಪ್ಯೂಟರ್ ಆಟಗಳನ್ನು ಹೊರತಂದಿತು. ಮೂರನೆಯದು 2023ರ ಹೊತ್ತಿಗೆ 5 ಕೋಟಿ ಪ್ರತಿಗಳಿಗೂ ಮಿಕ್ಕಿ ಮಾರಾಟವಾಗಿತ್ತು. ನನ್ನ ಸೋದರಳಿಯ ಇದನ್ನು ಆಡಿದ್ದು ನೂರಾರು ಗಂಟೆ. ಇಷ್ಟು ಗಂಟೆ ಓದಿದ್ದರೆ ಐ.ಎ.ಎಸ್. ಆಗುತ್ತಿದ್ದೆಯಲ್ಲೋ ಎಂದು ಅಕ್ಕ ಅನ್ನುತ್ತಿದ್ದಳು.

ಈ ಆಟಗಳು ಪುಸ್ತಕದ ರೂಪಾಂತರವಲ್ಲ. ಪುಸ್ತಕಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಮುಂದಕ್ಕೆ ಹೊರಟ ಕಥೆ. ಸತ್ತನೋ ಬದುಕಿದನೋ ಎಂಬಂತೆ ಕಾದಂಬರಿಕಾರರು ಬಿಟ್ಟುಹೋದ ನಾಯಕನನ್ನು ಆಟದವರು ಎಬ್ಬಿಸಿ, ಅವನಿಗೆ ಹಿಂದಿನದೆಲ್ಲ ಮರೆತುಹೋಗಿದೆ ಎಂದುಬಿಟ್ಟರು. ಎಂಥ ಜಾಣತನ! ಪುಸ್ತಕ ಓದದ ಆಟಗಾರನಿಗೂ ಹಿಂದಿನದು ತಿಳಿಯದು, ನಾಯಕನಿಗೂ ತಿಳಿಯದು. ಇಬ್ಬರೂ ಒಟ್ಟಿಗೆ ತಿಳಿದುಕೊಳ್ಳುತ್ತ ಹೋಗಬಹುದು. ಕಾದಂಬರಿಯಲ್ಲಿ ಕುಳ್ಳರು ಹೊತ್ತು ಕಳೆಯಲು ಆಡುವ ಒಂದು ಇಸ್ಪೀಟಾಟ ಬರುತ್ತದೆ. ಆಟದವರು ಅದಕ್ಕೆ ನಿಯಮಗಳನ್ನು ಕಟ್ಟಿ ಆಟದೊಳಗೊಂದು ಆಟ ಮಾಡಿದರು. ಮುಂದೆ ಅದೇ ಬೇರೆ ಆಟವಾಗಿ ಮಾರಾಟವಾಯಿತು. ಕಥೆಯ ನಡುವೆ ಪಗಡೆ ಹಾಸಿದರೆ ಏನಾಗುತ್ತದೆಂದು ಭಾರತ ಬಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೋಕದ ಕೆಲಸ ಬಿಟ್ಟು ಗೆರಾಲ್ಟ್ ಊರೂರಿನ ಹೆಂಡದಂಗಡಿಯಲ್ಲಿ ಇಸ್ಪೀಟು ಆಡುತ್ತ ಕೂರುತ್ತಾನೆ. ಆಡಿಸುವವನು ವೈಟ್‌ಫೀಲ್ಡಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ಕೂರುತ್ತಾನೆ.

ಮೂರನೆಯ ಆಟವನ್ನು ನಾನೂ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅದರಲ್ಲಿ ಒಬ್ಬ ಪಾಳೆಯಗಾರನಿದ್ದಾನೆ. ಕುಡುಕ; ಹೆಂಡತಿಯನ್ನು ಹೊಡೆದವನು; ಈಗ ಹೆಂಡತಿಯೂ ಮಗಳೂ ಮನೆ ಬಿಟ್ಟು ಹೋಗಿದ್ದಾರೆ, ಹುಡುಕಿಕೊಡು ಎಂದು ಗೆರಾಲ್ಟನನ್ನು ಬೇಡುತ್ತಾನೆ. ಅವನನ್ನು ಕಂಡರೆ ಹೇಸಿಗೆಯೂ ಆಗುತ್ತದೆ, ಕನಿಕರವೂ ಆಗುತ್ತದೆ. ಆಡುವವನ ಆಯ್ಕೆಯಂತೆ ಆ ಸಂಸಾರದ ಗತಿ ಬೇರೆ ಬೇರೆಯಾಗುತ್ತದೆ. ಸಪ್ಕೋವ್‌ಸ್ಕಿಯವರ ಪುಸ್ತಕದಲ್ಲಿ ಈ ಪಾಳೆಯಗಾರನಿಲ್ಲ. ಆದರೂ ಅವನು ಅವರ ಲೋಕದವನೇ ಎಂದು ನನಗೆ ಅನ್ನಿಸಿತು. ಒಳ್ಳೆಯದು ಇದು, ಕೆಟ್ಟದು ಇದು ಎಂದು ಗೆರೆ ಎಳೆಯಲು ಬಾರದ ಲೋಕ ಅದು. ಅದೇ ಆಟದಲ್ಲಿ, ಸತ್ತ ಹಿರಿಯರನ್ನು ಕರೆದು ಅನ್ನವಿಡುವ ಒಂದು ರಾತ್ರಿಯ ಆಚರಣೆಯೂ ಬರುತ್ತದೆ. ‘ಜಾದಿ’ ಎಂಬ ಅವರ ಪಿತೃಪೂಜೆ ಅದು. ತಮ್ಮ ಮಹಾಲಯವನ್ನು ಅವರು ಆಟದೊಳಕ್ಕೆ ತಂದಿದ್ದಾರೆ, ನಾಚಿಕೊಂಡಿಲ್ಲ.

ಈಗ ಒಂದು ತೊಡಕು. ಇಂಗ್ಲಿಷ್ ಬಲ್ಲ ನಮ್ಮವರಿಗೆ ಇವುಗಳಲ್ಲಿ ಮೂಲ ಯಾವುದು? ಮೊದಲ ಕಥಾಸಂಗ್ರಹ ಇಂಗ್ಲಿಷಿಗೆ ಬಂದದ್ದು 2007ರಲ್ಲಿ. ಮೊದಲ ಆಟ ಬಂದ ವರ್ಷವೂ ಅದೇ. ಕೊನೆಯ ಕಾದಂಬರಿಯ ಅನುವಾದ ಬಂದದ್ದು 2017ರಲ್ಲಿ. ಮೂರನೆಯ ಆಟ ಬಂದು ಆಗಲೇ ಎರಡು ವರ್ಷ ಕಳೆದಿತ್ತು. ನನ್ನ ಸೋದರಳಿಯ ಮೊದಲು ಆಡಿದ, ಆಮೇಲೆ ಓದಿದ, ಕೊನೆಗೆ ನೋಡಿದ. ಧಾರಾವಾಹಿಯಲ್ಲಿ ಗೆರಾಲ್ಟನ ಮುಖ ಕಂಡಾಗ ಅವನು ಹೋಲಿಸಿದ್ದು ಪುಸ್ತಕದ ವರ್ಣನೆಗಲ್ಲ, ಆಟದ ಮುಖಕ್ಕೆ. ಗೆರಾಲ್ಟನ ಗೆಳೆಯನಾದ ಹಾಡುಗಾರನ ಹೆಸರು ಪೋಲಿಷಿನಲ್ಲಿ ಯಾಸ್ಕಿಯೆರ್. ಇಂಗ್ಲಿಷ್ ಅನುವಾದದಲ್ಲಿಯೂ ಆಟದಲ್ಲಿಯೂ ಅವನು ಡ್ಯಾಂಡೆಲಿಯನ್ ಆಗಿದ್ದ. ಧಾರಾವಾಹಿಯವರು ಪೋಲಿಷ್ ಹೆಸರನ್ನೇ ಉಳಿಸಿಕೊಂಡರು. ನನ್ನ ಸೋದರಳಿಯ ಕೂಡಲೇ “ಮೂಲದಲ್ಲಿ ಹಾಗಿಲ್ಲ” ಎಂದ. ಮೂಲದಲ್ಲಿ ಇರುವುದೇ ಹಾಗೆ! ಮೊದಲು ಯಾವುದನ್ನು ಪ್ರೀತಿಸಿದೆವೋ ಅದನ್ನೇ ನಾವು ಮೂಲವೆಂದು ಕರೆಯುತ್ತೇವೆ ಎಂದು ತೋರುತ್ತದೆ.

ಇನ್ನು ಧಾರಾವಾಹಿ. ಅದರ ಬಗ್ಗೆ ನನ್ನ ತೀರ್ಪು ಅವನ ತೀರ್ಪಿನಷ್ಟು ಕಠಿನವಲ್ಲ. ನಾನು ಕಾರ್ಖಾನೆಯಲ್ಲಿ ಕಲಿತ ಎರಡು ಪಾಠಗಳನ್ನು ಇಲ್ಲಿ ಹೇಳಬೇಕಾಗಿದೆ.

ಒಂದು ಪಾಠ ಎರಕದವರದು. ಒಂದು ಭಾಗವನ್ನು ಎರಕ ಹೊಯ್ಯಬೇಕಾದರೆ ಮೊದಲು ಮರದಲ್ಲಿ ಅದರ ಅಚ್ಚುಮಾದರಿ ಮಾಡುತ್ತಾರೆ. ಅದಕ್ಕೆ ಪ್ಯಾಟರ್ನ್ ಎಂದು ಹೆಸರು. ಹೊಸಬರು ಪ್ಯಾಟರ್ನನ್ನು ಡ್ರಾಯಿಂಗಿನ ಅಳತೆಗೆ ಸರಿಯಾಗಿ ಮಾಡಬೇಕೆಂದು ತಿಳಿಯುತ್ತಾರೆ. ಹಾಗೆ ಮಾಡಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕಾಸಿ ಹೊಯ್ದ ಲೋಹ ಆರುವಾಗ ಕುಗ್ಗುತ್ತದೆ. ಬೀಡು ಕಬ್ಬಿಣವಾದರೆ ಮೀಟರಿಗೆ ಸುಮಾರು 10 ಮಿಲಿಮೀಟರು, ಉಕ್ಕಾದರೆ ಸುಮಾರು 20. ಆದ್ದರಿಂದ ಬಲ್ಲ ಬಡಗಿ ಯಾವ ಲೋಹಕ್ಕೆ ಎಷ್ಟು ಎಂದು ನೋಡಿ ಮಾದರಿಯನ್ನು ಅಷ್ಟು ದೊಡ್ಡದು ಮಾಡುತ್ತಾನೆ. ಅದಕ್ಕೆಂದೇ ಅವನ ಹತ್ತಿರ ಬೇರೆಯ ಅಳತೆಪಟ್ಟಿ ಇರುತ್ತದೆ. ಡ್ರಾಯಿಂಗಿಗೆ ನಿಷ್ಠನಾಗಿರಬೇಕೆಂದೇ ಅವನು ಡ್ರಾಯಿಂಗಿನಿಂದ ಬೇರೆಯಾಗುತ್ತಾನೆ. ಕಥೆಯೂ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೊಯ್ಯುವಾಗ ಕುಗ್ಗುತ್ತದೆ. ಪುಸ್ತಕದಲ್ಲಿ ಯೆನಿಫರ್ ಹಿಂದೊಮ್ಮೆ ಗೂನುಬೆನ್ನಿನ ಹುಡುಗಿಯಾಗಿದ್ದಳು ಎಂಬುದನ್ನು ಗೆರಾಲ್ಟ್ ಅವಳ ಕಣ್ಣನ್ನು ನೋಡಿ ಊಹಿಸುತ್ತಾನೆ; ಕೆಲವೇ ಸಾಲುಗಳ ಮಾತು. ಕಣ್ಣಿನೊಳಗಿನ ನೆನಪನ್ನು ಕ್ಯಾಮರಾ ಹಿಡಿಯಲಾರದು. ಧಾರಾವಾಹಿಯವರು ಆ ಕೆಲವು ಸಾಲುಗಳನ್ನು ಹಿಗ್ಗಿಸಿ ಅವಳ ಬಾಲ್ಯ, ಅವಮಾನ, ವಿದ್ಯಾಭ್ಯಾಸ, ರೂಪಕ್ಕಾಗಿ ಅವಳು ತೆತ್ತ ಬೆಲೆ, ಎಲ್ಲವನ್ನೂ ತೋರಿಸಿದರು. ನನ್ನ ಸೋದರಳಿಯನಿಗೆ ಇದು ಅಧಿಕಪ್ರಸಂಗ; ನನಗೆ ಇದು ಪ್ಯಾಟರ್ನಿನ ಬಡಗಿಯ ಕೆಲಸ.

ಎರಡನೆಯ ಪಾಠ ನನ್ನದೇ ಮೇಜಿನದು. ಡ್ರಾಯಿಂಗಿನಲ್ಲಿ ಪ್ರತಿಯೊಂದು ಅಳತೆಯ ಪಕ್ಕದಲ್ಲಿಯೂ ಎಷ್ಟು ಹೆಚ್ಚುಕಡಿಮೆಯಾದರೆ ಸಹಿಸಬಹುದು ಎಂದು ಬರೆದಿರುತ್ತದೆ. ಅದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಸಹನೆ ಎಂದೇ ಅದರ ಅರ್ಥ. ಹೊರಮೈಗೆ ಅರ್ಧ ಮಿಲಿಮೀಟರು ಹೆಚ್ಚಾದರೂ ಚಿಂತೆಯಿಲ್ಲ. ಆದರೆ ಬೇರಿಂಗು ಕೂರುವ ಜಾಗದಲ್ಲಿ ಮಿಲಿಮೀಟರಿನ ನೂರರಲ್ಲೊಂದು ಪಾಲು ತಪ್ಪಿದರೂ ಯಂತ್ರ ಅದುರುತ್ತದೆ. ಕೆಲಸ ಬಲ್ಲ ಇನ್‌ಸ್ಪೆಕ್ಟರ್ ಎಂದರೆ ಎಲ್ಲವನ್ನೂ ಅಷ್ಟೇ ಬಿಗಿಯಾಗಿ ಅಳೆಯುವವನಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬಲ್ಲವನು.

ಹಾಗಾದರೆ ಗೆರಾಲ್ಟನ ಕಥೆಯಲ್ಲಿ ಬೇರಿಂಗು ಕೂರುವ ಜಾಗ ಯಾವುದು? ಕೂದಲಿನ ಬಣ್ಣವೆ? ಕತ್ತಿಯ ಸಂಖ್ಯೆಯೆ? ಅಲ್ಲ. ಗೆರಾಲ್ಟ್ ಒಮ್ಮೆ ಒಬ್ಬನ ಪ್ರಾಣ ಉಳಿಸಿ, ಅದಕ್ಕೆ ಪ್ರತಿಯಾಗಿ “ನಿನಗೆ ಗೊತ್ತಿಲ್ಲದೆಯೇ ನಿನ್ನದಾಗಿರುವುದನ್ನು ಕೊಡು” ಎಂದು ಕೇಳಿಬಿಡುತ್ತಾನೆ. ಆಗ ಅವನ ಪಾಲಿಗೆ ಬಂದದ್ದು ಇನ್ನೂ ಹುಟ್ಟದ ಮಗು, ಸಿರಿ. ಅವನಿಗೆ ಮಗು ಬೇಡ. ವಿಧಿಯನ್ನು ಅವನು ನಂಬುವುದಿಲ್ಲ. ವರ್ಷಗಳು ಕಳೆದ ಮೇಲೆ ಬ್ರೊಕಿಲಾನ್ ಎಂಬ ಕಾಡಿನಲ್ಲಿ, ಮನೆ ಬಿಟ್ಟು ಓಡಿಬಂದ ಒಬ್ಬ ಹಟಮಾರಿ ಹುಡುಗಿ ಅವನಿಗೆ ಸಿಗುತ್ತಾಳೆ. ಅವಳನ್ನು ಅಪಾಯದಿಂದ ಉಳಿಸುತ್ತಾನೆ, ಕಥೆ ಹೇಳುತ್ತಾನೆ, ಗದರುತ್ತಾನೆ. ಅವಳು ಯಾರೆಂದು ತಿಳಿಯುತ್ತದೆ, ಆದರೂ ಬಿಟ್ಟುಹೋಗುತ್ತಾನೆ. ಆಮೇಲೆ ಯುದ್ಧವಾಗಿ ಅವಳ ಊರು ಸುಟ್ಟುಹೋದ ಸುದ್ದಿ ಬರುತ್ತದೆ. ಹುಡುಗಿ ಸತ್ತಳೆಂದೇ ಅವನು ನಂಬುತ್ತಾನೆ. ಕೊನೆಗೆ ಒಬ್ಬ ವ್ಯಾಪಾರಿಯ ಮನೆಯ ಅಂಗಳದಲ್ಲಿ ಅವಳು ಓಡಿಬಂದು ತೆಕ್ಕೆಗೆ ಬೀಳುತ್ತಾಳೆ. ಮೆಟ್ರೋದಲ್ಲಿ ಇದನ್ನು ಓದುತ್ತಿದ್ದಾಗ ನಾನು ಇಳಿಯಬೇಕಾದ ನಿಲ್ದಾಣ ಬಂದಿತ್ತು. ಅದೇ ಕಡೆಯ ನಿಲ್ದಾಣವಾದ್ದರಿಂದ ಬಚಾವಾದೆ. ಕಣ್ಣೊರೆಸಿಕೊಳ್ಳುತ್ತ ಇಳಿದ ಮುದುಕನನ್ನು ನೋಡಿ ಕಾವಲಿನವನು “ಏನಾಯ್ತು ಸರ್?” ಎಂದು ವಿಚಾರಿಸಿದ.

ಧಾರಾವಾಹಿಯಲ್ಲಿ ಬ್ರೊಕಿಲಾನ್ ಕಾಡು ಇದೆ. ಸಿರಿ ಅದರೊಳಗೆ ಹೋಗುತ್ತಾಳೆ. ಆದರೆ ಅಲ್ಲಿ ಗೆರಾಲ್ಟ್ ಇಲ್ಲ! ಮೊದಲ ಭಾಗದ ಎಂಟು ಕಂತುಗಳಲ್ಲಿಯೂ ಅವರಿಬ್ಬರು ಒಬ್ಬರನ್ನೊಬ್ಬರು ಮಾತಾಡಿಸಿದವರೇ ಅಲ್ಲ. ಎಂಟನೆಯದರ ಕೊನೆಯಲ್ಲಿ ಓಡಿಬಂದು ತಬ್ಬಿಕೊಳ್ಳುತ್ತಾರೆ. ಸಂಗೀತ ಏರುತ್ತದೆ, ಮರಗಳ ನಡುವೆ ಬೆಳಕು ಬೀಳುತ್ತದೆ, ನಟರೂ ಒಳ್ಳೆಯವರೇ. ಆದರೆ ಅಪರಿಚಿತರಿಬ್ಬರು ತಬ್ಬಿಕೊಂಡರೆ ನಮ್ಮ ಎದೆ ಏಕೆ ತುಂಬಬೇಕು? ಪುಸ್ತಕದಲ್ಲಿ ಅವನು ಅವಳನ್ನು ಒಮ್ಮೆ ಕಂಡು, ಮೆಚ್ಚಿ, ಬಿಟ್ಟುಹೋದವನು. ತಬ್ಬಿಕೊಳ್ಳುವುದರ ಭಾರವೆಲ್ಲ ಆ ಬಿಟ್ಟುಹೋಗುವುದರ ಮೇಲೆ ಕೂತಿದೆ. ಅದನ್ನು ತೆಗೆದರೆ ಬೇರಿಂಗು ತೆಗೆದು ಚಕ್ರ ಜೋಡಿಸಿದಂತೆ. ನೋಡಲು ಚಕ್ರವೇ, ತಿರುಗಿದರೆ ಅದುರುತ್ತದೆ. ಇದೊಂದರಲ್ಲಿ ನಾನು ಸೋದರಳಿಯನ ಪಕ್ಷ. ಮಾಲು ಕೆಂಪು ಡಬ್ಬಕ್ಕೆ.

ಹೊರದೇಶದವರು ಮಾಡಿದ್ದರಿಂದ ಹೀಗಾಯಿತು ಎನ್ನುವಂತಿಲ್ಲ. ಪೋಲೆಂಡಿನವರೇ 2001ರಲ್ಲಿ ಇದನ್ನು ಚಲನಚಿತ್ರ ಮಾಡಿದ್ದರು, 2002ರಲ್ಲಿ 13 ಕಂತುಗಳ ಧಾರಾವಾಹಿ ಮಾಡಿದ್ದರು. ಅದು ಅವರ ಜನಕ್ಕೇ ಹಿಡಿಸಲಿಲ್ಲ. ಮನೆಯವರು ಮಾಡಿದ ಅಡುಗೆಯೂ ಸೀಯುತ್ತದೆ.

ನಮ್ಮಲ್ಲಿ ಈ ಕೆಲಸ ಸಾವಿರ ವರ್ಷದಿಂದ ನಡೆದುಬಂದಿದೆ. ಪಂಪ ಕ್ರಿ.ಶ. 941ರ ಸುಮಾರಿಗೆ ಭಾರತವನ್ನು ಕನ್ನಡಕ್ಕೆ ತಂದಾಗ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಬೆರೆಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿ, ಕೊನೆಗೆ ಪಟ್ಟವನ್ನೂ ಅವನಿಗೇ ಕಟ್ಟಿಸಿದ. ಇಂದಿನ ದಿನವಾಗಿದ್ದರೆ ವ್ಯಾಸರ ಅಭಿಮಾನಿಗಳು ಸುಮ್ಮನಿರುತ್ತಿದ್ದರೆ? ಆದರೆ ಅವನ ಕರ್ಣನನ್ನು ನೋಡಿ! ಹೊರಮೈಯನ್ನೆಲ್ಲ ಬದಲಾಯಿಸಿದ ಪಂಪ ಕರ್ಣನಲ್ಲಿ ಮಾತ್ರ ಕೈ ತಪ್ಪಲಿಲ್ಲ. ತನ್ನ ನಾಯಕನ ವೈರಿಯನ್ನೇ ಓದುಗರು ನೆನೆಯುವಂತೆ ಮಾಡಿಟ್ಟ. ಕುಮಾರವ್ಯಾಸನೋ, ಹತ್ತೇ ಪರ್ವಗಳಿಗೆ ನಿಲ್ಲಿಸಿಬಿಟ್ಟ. ಉಳಿದ ಎಂಟು ಪರ್ವಗಳಿಲ್ಲವೆಂದು ನಮ್ಮ ಹಳ್ಳಿಗಳಲ್ಲಿ ಯಾರೂ ಕಣ್ಣೀರಿಡಲಿಲ್ಲ.

ಆಟದಲ್ಲಿ ಆಯ್ಕೆ ಇದೆ, ಅದೇ ಹೊಸತು ಎಂದು ಸೋದರಳಿಯ ಹೇಳುತ್ತಾನೆ. ಅದಕ್ಕೂ ನಮ್ಮಲ್ಲಿ ಒಂದು ಸೋದರವಿದ್ಯೆ ಉಂಟು. ನನ್ನ ಜೊತೆಯಲ್ಲಿ ಕೆಲಸಕ್ಕಿದ್ದ ಉಡುಪಿಯ ಕಡೆಯ ಮಿತ್ರರೊಬ್ಬರು ಹಿಂದೊಮ್ಮೆ ನನ್ನನ್ನು ತಾಳಮದ್ದಳೆಗೆ ಕರೆದುಕೊಂಡು ಹೋಗಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಕುಳಿತಲ್ಲೇ ವಾದಿಸುತ್ತಾರೆ. ಆ ದಿನದ ಪ್ರಸಂಗ ಕರ್ಣಪರ್ವ. ಕರ್ಣ ಸಾಯುವುದು ಎಲ್ಲರಿಗೂ ಗೊತ್ತು. ಅವನನ್ನು ಉಳಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಾಯುವ ಮುನ್ನ ಅವನು ಕೃಷ್ಣನಿಗೆ ಯಾವ ಪ್ರಶ್ನೆ ಕೇಳುತ್ತಾನೆ, ಕೃಷ್ಣ ಏನು ಉತ್ತರ ಕೊಡುತ್ತಾನೆ, ಮಾತಿನಲ್ಲಿ ಗೆಲ್ಲುವವರು ಯಾರು, ಇದು ಮಾತ್ರ ಕುಳಿತ ರಾತ್ರಿಗೆ ಒಂದೊಂದು. ಕಂಪ್ಯೂಟರಿನ ಆಟದಲ್ಲಿ ದಾರಿಯನ್ನು ಆರಿಸಿದರೆ ಊರೇ ಬದಲಾಗುತ್ತದೆ. ತಾಳಮದ್ದಳೆಯಲ್ಲಿ ಊರು ಒಂದೇ, ದಾರಿ ಬದಲಾಗುತ್ತದೆ. ಎರಡರಲ್ಲಿ ಯಾವುದು ಕಷ್ಟವೆಂದು ನನ್ನನ್ನು ಕೇಳಿದರೆ ಎರಡನೆಯದು ಎಂದೇ ಹೇಳುವೆ.

ಇಷ್ಟು ಹೊತ್ತು ದೊಡ್ಡವರ ಜಗಳ ಹೇಳಿದೆ. ಈ ವಿಷಯ ನನ್ನ ಮನಸ್ಸಿಗೆ ನಿಜವಾಗಿ ತಟ್ಟಿದ್ದು ಅಕ್ಕನಿಂದ. ಅಕ್ಕನಿಗೆ ಎಂಬತ್ತು ಹತ್ತಿರ ಬಂದಿದೆ. ನಮ್ಮ ತಂದೆ ತುಮಕೂರಿನ ಕಡೆಯ ಹಳ್ಳಿಯಲ್ಲಿ ರಾತ್ರಿಯ ಹೊತ್ತು ಭಾರತ ಓದುತ್ತಿದ್ದವರು. ಅವರ ಪಕ್ಕದಲ್ಲಿ ಕುಳಿತು ಕೇಳಿಯೇ ಅವಳಿಗೆ ಬಾಯಿಪಾಠವಾಗಿತ್ತು. ಈಗ ಕಣ್ಣು ಮಂದ. ಹದಿಮೂರನೆಯ ಅಂತಸ್ತಿನ ಮನೆಯಲ್ಲಿ ಅವಳ ಮಾತಿಗೆ ಸಿಗುವವರು ಕಡಿಮೆ. ಅಕ್ಕಪಕ್ಕದಲ್ಲಿ ಕನ್ನಡ ಬಲ್ಲವರೂ ಇಲ್ಲ. ಏಳು ವರ್ಷದ ಮೊಮ್ಮಗಳೇ ಅವಳ ಸಭೆ. ಆ ಮಗು ಭಾರತವನ್ನು ಮೊದಲು ಕಂಡದ್ದು ಫೋನಿನಲ್ಲಿ. 2013ರಲ್ಲಿ ಹಿಂದಿಯಲ್ಲಿ ಬಂದು, 2020ರ ಲಾಕ್‌ಡೌನ್ ಕಾಲದಲ್ಲಿ ಕನ್ನಡದ ಡಬ್ಬಿಂಗಿನಲ್ಲಿ ಮನೆಮಾತಾದ ಧಾರಾವಾಹಿ ಅದು. ನಮ್ಮ ಕಾಲದಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರಿಂದ 1990ರವರೆಗೆ ಭಾನುವಾರದ ಬೆಳಿಗ್ಗೆ ಬರುತ್ತಿದ್ದಾಗ ಪೀಣ್ಯದಲ್ಲಿ ಓವರ್‌ಟೈಮಿಗೆ ಜನ ಸಿಗುತ್ತಿರಲಿಲ್ಲ. ಆದರೆ ಅಂದು ನೋಡಿದವರಿಗೆ ಕಥೆ ಮೊದಲೇ ಗೊತ್ತಿತ್ತು. ಈ ಮಗುವಿಗೆ ಅದೇ ಮೊದಲು.

ಒಂದು ಸಂಜೆ ಅಕ್ಕ ದ್ಯೂತದ ಕಥೆ ಹೇಳುತ್ತಿದ್ದಳು. ಮಗು ತಡೆದು, “ಅಜ್ಜೀ, ಶಕುನಿ ಕುಂಟ ಅಲ್ವಾ? ನೀನು ಹೇಳಲೇ ಇಲ್ಲ. ಹಾಗಲ್ಲ ಕಥೆ” ಎಂದಿತು. ಎರಡು ಧಾರಾವಾಹಿಗಳಲ್ಲಿಯೂ ಶಕುನಿ ಕುಂಟುತ್ತಾನೆ ನಿಜ. ವ್ಯಾಸರಲ್ಲಿ ಕುಂಟಿಲ್ಲ, ಕುಮಾರವ್ಯಾಸನಲ್ಲಿಯೂ ಇಲ್ಲ. ನಾನು, ನನ್ನ ಹಳೆಯ ಚಾಳಿ, ಮೂಲದಲ್ಲಿ ಹಾಗಿಲ್ಲ ಎನ್ನಲು ಬಾಯಿ ತೆರೆದೆ. ಅಕ್ಕ ಕೈಸನ್ನೆಯಿಂದ ನನ್ನನ್ನು ತಡೆದಳು. “ನಮ್ಮ ಕಾಲದ ಶಕುನಿಗೆ ಕಾಲು ನೆಟ್ಟಗಿತ್ತಮ್ಮ, ಬುದ್ಧಿ ಕುಂಟಾಗಿತ್ತು. ನಿಮ್ಮವನಿಗೆ ಎರಡೂ ಕುಂಟೇನೋ. ಆಗಲಿ, ಮುಂದಕ್ಕೆ ನೀನೇ ಹೇಳು” ಎಂದಳು.

ಮಗು ಹೇಳತೊಡಗಿತು. ಅರ್ಧ ಕನ್ನಡ, ಕಾಲು ಇಂಗ್ಲಿಷು, ಕಾಲು ಕೈಬಾಯಿ. ರಥಗಳು ಹಾರಿದವು, ಬಾಣಗಳಿಂದ ಬೆಂಕಿ ಬಂತು. ಅಕ್ಕ ಎಲ್ಲಕ್ಕೂ ತಲೆದೂಗುತ್ತಿದ್ದಳು. ಮಗು ಸಂಧಾನ ಮುಗಿಸಿ ನೇರವಾಗಿ ಯುದ್ಧಕ್ಕೆ ಬಂದಿತು. ಆಗ ಅಕ್ಕ, “ತಾಳು, ತಾಳು. ಕರ್ಣನಿಗೆ ಅವನು ಯಾರೆಂದು ಹೇಳಿದರೆ?” ಎಂದಳು. “ಅದು ಬೋರು ಅಜ್ಜೀ, ಬರೀ ಮಾತು.” “ಅದೊಂದು ಬಿಡಬಾರದು ಕಂದಾ. ಯುದ್ಧಕ್ಕೆ ಮುಂಚೆ ಅವನಿಗೆ ಗೊತ್ತಾಗಬೇಕು. ಇವರೆಲ್ಲ ನನ್ನ ತಮ್ಮಂದಿರು ಅಂತ ಗೊತ್ತಿದ್ದೂ ಉಪ್ಪು ತಿಂದ ಮನೆ ಬಿಡದೆ ಹೋದ ಅನ್ನೋದು ಇರಬೇಕು. ಅದು ಇಲ್ಲದೆ ಹೋದರೆ ಅವನು ಸತ್ತಾಗ ನಿನಗೆ ಅಳು ಬರೋದಿಲ್ಲ.”

ಸೋದರಳಿಯ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಮಾವ, ಬ್ರೊಕಿಲಾನ್” ಎಂದಷ್ಟೇ ಹೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಅಕ್ಕ ಡ್ರಾಯಿಂಗು ನೋಡಿದವಳಲ್ಲ, ಮೈಕ್ರೋಮೀಟರು ಹಿಡಿದವಳಲ್ಲ. ಎಲ್ಲಿ ಸಡಿಲ ಬಿಡಬಹುದು, ಎಲ್ಲಿ ಬಿಡಬಾರದು ಎಂಬುದು ಅವಳಿಗೆ ಗೊತ್ತಿತ್ತು. ಅವಳು ಹೋದಮೇಲೆ ಇದನ್ನು ತಡೆದು ಹೇಳುವವರು ಆ ಮನೆಯಲ್ಲಿ ಯಾರು ಎಂಬ ಯೋಚನೆ ಆ ರಾತ್ರಿ ರೈಲಿನಲ್ಲಿ ನನ್ನನ್ನು ಬಿಡಲಿಲ್ಲ.

ಪೋಲೆಂಡಿನ ಜನಸಂಖ್ಯೆ 4 ಕೋಟಿಗೆ ಕೊಂಚ ಕಡಿಮೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಅವರದು ದೊಡ್ಡ ಭಾಷೆ, ನಮ್ಮದು ಚಿಕ್ಕದು ಎನ್ನುವ ಹಾಗಿಲ್ಲ. ಅವರು ತಮ್ಮ ಕಥೆಯನ್ನು ತಾವೇ ಆಟ ಮಾಡಿದರು. 2011ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಪೋಲೆಂಡಿಗೆ ಬಂದಾಗ ಪ್ರಧಾನಿ ಟುಸ್ಕ್ ಕೊಟ್ಟ ಕಾಣಿಕೆಗಳಲ್ಲಿ ಗೆರಾಲ್ಟನ ಎರಡನೆಯ ಆಟವೂ ಒಂದು. ಮೂಲ ಲೇಖಕರಿಗೆ ಮಾತ್ರ ಆಟದಲ್ಲಿ ನಂಬಿಕೆಯಿರಲಿಲ್ಲ. ಲಾಭದ ಪಾಲು ಬೇಡವೆಂದು ಒಂದೇ ಗಂಟಿಗೆ ಹಕ್ಕು ಕೊಟ್ಟಿದ್ದರು. 2018ರಲ್ಲಿ 6 ಕೋಟಿ ಜ್ಲೋತಿ ಬರಬೇಕೆಂದು ಕೇಳಿದರು. ರಾಜಿಯಾಗಿ ಹೊಸ ಒಪ್ಪಂದ ಪ್ರಕಟವಾದದ್ದು 2019ರ ಡಿಸೆಂಬರ್ 20ರಂದು, ಧಾರಾವಾಹಿ ಆರಂಭವಾದ ದಿನವೇ.

ನಮ್ಮ ಊರಿನ ಕೈಗೇನೂ ಕುಶಲತೆ ಕಡಿಮೆಯಿಲ್ಲ. ‘ಧ್ರುವ ಇಂಟರಾಕ್ಟಿವ್’ ಎಂಬ ಆಟದ ಕಂಪನಿ ಬೆಂಗಳೂರಿನಲ್ಲಿ ಆರಂಭವಾದದ್ದು 1997ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು. 2016ರ ‘ಜಂಗಲ್ ಬುಕ್’ ಚಿತ್ರದ ಕಾಡಿಗೂ ಪ್ರಾಣಿಗಳಿಗೂ ದುಡಿದವರಲ್ಲಿ ಬೆಂಗಳೂರಿನ ಕಲಾವಿದರು ಅನೇಕರಿದ್ದರು. ಅವರನ್ನು ದುಡಿಸಿಕೊಂಡ ಟೆಕ್ನಿಕಲರ್ ಬಳಗ 2025ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದಾಗ ಇಲ್ಲಿನವರ ಕೆಲಸವೂ ಹೋಯಿತು. ಪೀಣ್ಯದಲ್ಲಿ ಇದಕ್ಕೆ ಜಾಬ್ ವರ್ಕ್ ಎಂದು ಹೆಸರು. ಡ್ರಾಯಿಂಗು ಇನ್ನೊಬ್ಬರದು, ಲೋಹವೂ ಇನ್ನೊಬ್ಬರದು, ಕೈ ಮಾತ್ರ ನಮ್ಮದು. ಮರ್ಯಾದೆಯ ಕೆಲಸವೇ, ಅದರಿಂದಲೇ ನಾನು ಮನೆ ಕಟ್ಟಿದೆ. ಆದರೆ ಆರ್ಡರು ನಿಂತ ದಿನ ಜಾಬ್ ವರ್ಕಿನವನ ಕೈಯಲ್ಲಿ ಉಳಿಯುವುದು ಎಣ್ಣೆ ಕೊಳೆ ಮಾತ್ರ. ಡ್ರಾಯಿಂಗು ತನ್ನದಾಗಿದ್ದವನು ಮತ್ತೊಂದು ಮಾಲು ಮಾಡಿಕೊಳ್ಳುತ್ತಾನೆ.

ಸೋದರಳಿಯ ಈಗ ಒಂದು ಕೆಲಸ ಹಿಡಿದಿದ್ದಾನೆ. ಸಂಜೆ ಅಕ್ಕ ಕಥೆ ಹೇಳುವಾಗ ಫೋನನ್ನು ಅವಳ ಪಕ್ಕದಲ್ಲಿಟ್ಟು ದನಿ ಹಿಡಿದುಕೊಳ್ಳುತ್ತಾನೆ. ಆಟ ಮಾಡುವುದಕ್ಕೆ ಅಂತಲ್ಲ ಮಾವ, ಸುಮ್ಮನೆ, ಎನ್ನುತ್ತಾನೆ. ಮೊದಲ ವಾರವೇ ಅವನಿಗೆ ತಲೆಬಿಸಿಯಾಯಿತು. ಒಂದೇ ಕಥೆಯನ್ನು ಅಕ್ಕ ಎರಡು ಸಂಜೆ ಎರಡು ರೀತಿ ಹೇಳಿದ್ದಳು. “ಇದರಲ್ಲಿ ಮೂಲ ಯಾವುದು ಅಂತ ನೀವೇ ನೋಡಿ” ಎಂದು ಎರಡನ್ನೂ ನನಗೆ ಕಳುಹಿಸಿದ. ಕಿವಿಗೆ ತಂತಿ ಸಿಕ್ಕಿಸಿಕೊಂಡು, ಪೆನ್ಸಿಲು ಹಿಡಿದು, ಹಳೆಯ ಅಭ್ಯಾಸದಂತೆ ಸಾಲು ಸಾಲಾಗಿ ತಾಳೆ ನೋಡಿದೆ. ಎರಡನೆಯ ಸಂಜೆ ಶಕುನಿ ಕುಂಟತೊಡಗಿದ್ದ, ಮೊಮ್ಮಗಳ ಒತ್ತಾಯವಿರಬೇಕು. ಇನ್ನೂ ಹದಿನೇಳು ಕಡೆ ವ್ಯತ್ಯಾಸ ಸಿಕ್ಕಿತು. ಕರ್ಣನ ಭಾಗದಲ್ಲಿ ಒಂದೂ ಸಿಗಲಿಲ್ಲ.